ಹಳೇ ಬಾಕಿಗೂ ಒಂದು ಮುದ್ದತ್ತು ಬೇಕು

ವಿಜಯಪುರದಿಂದ ಕಾಕಾನ ಮಗ ಮೊನ್ನೆ ತನ್ನ ಸಿಬಿಲ್ ರಿಪೋರ್ಟನ್ನು, ಅಂದರೆ ಯಾವ ಸಾಲ ಹೇಗೆ ಕಟ್ಟಿದ ಅನ್ನುವ ದಾಖಲೆಯನ್ನು, ವಾಟ್ಸಾಪಿಗೆ ಹಾಕಿದ. ಮನೆ ಸಾಲದ ಅರ್ಜಿ ತಿರುಗಿ ಬಂದಿತ್ತು. ಅಡ್ಡ ನಿಂತದ್ದು 2013ರ ಜೂನಿನಲ್ಲಿ ಕಂತು ತಪ್ಪಿದ ಒಂದು ಕ್ರೆಡಿಟ್ ಕಾರ್ಡ್. ಆದರೆ ರಿಪೋರ್ಟಿನಲ್ಲಿ ಕಾರ್ಡ್ ಕೊಟ್ಟ ಬ್ಯಾಂಕಿನ ಹೆಸರೇ ಇಲ್ಲ. "ಅಣ್ಣಾ, ಈ ಕಂಪನಿ ಹೆಸರು ನಾ ಒಮ್ಮಿನೂ ಕೇಳಿಲ್ಲ. ಇವ್ರ ಕಡೆ ನಾ ಯಾವಾಗ ಸಾಲ ತಗೊಂಡೆ?" ಅಂತ ಕೇಳಿದ. ತಗೊಂಡಿಲ್ಲ. ಬ್ಯಾಂಕು ತನ್ನ ಕೆಟ್ಟ ಸಾಲಗಳನ್ನು ಗಂಟು ಕಟ್ಟಿ ಒಂದು ಆಸ್ತಿ ಪುನರ್ನಿರ್ಮಾಣ ಕಂಪನಿಗೆ, ಅಂದರೆ ಎಆರ್‌ಸಿಗೆ, ಮಾರಿದೆ. ಆ ಗಂಟಿನಲ್ಲಿ ಇವನದೂ ಹೋಗಿದೆ.

ಸಾಲ ಮಾರುವುದು ತಪ್ಪಲ್ಲ. ನಾನಿರುವ ನ್ಯೂಜೆರ್ಸಿಯಲ್ಲೂ ದಿನಾ ಮಾರುತ್ತಾರೆ. ಕ್ರೆಡಿಟ್ ಕಾರ್ಡಿನ ಬಾಕಿ 180 ದಿನ ದಾಟಿದರೆ ಬ್ಯಾಂಕು ಅದನ್ನು ನಷ್ಟಕ್ಕೆ ಬರೆಯುತ್ತದೆ, ಆಮೇಲೆ ಕೊಳ್ಳುವವರಿಗೆ ಒಪ್ಪಿಸುತ್ತದೆ. ಗ್ರಾಹಕರ ಹಿತ ಕಾಯುವ ಇಲ್ಲಿಯ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಕೊಳ್ಳುವವರು ಒಂದು ಡಾಲರ್ ಬಾಕಿಗೆ ಸರಾಸರಿ 4 ಸೆಂಟ್ ಕೊಟ್ಟಿದ್ದರು. ನನಗೆ ಚುಚ್ಚಿದ್ದು ಬೇರೆ. ಇದೇ ಬಾಕಿ ಅಮೆರಿಕದ್ದಾಗಿದ್ದರೆ 2020ರ ಡಿಸೆಂಬರ್ ಹೊತ್ತಿಗೆ ರಿಪೋರ್ಟಿನಿಂದ ಅಳಿಸಿ ಹೋಗಿರುತ್ತಿತ್ತು. ನಮ್ಮಲ್ಲಿ ಅದಕ್ಕೆ ಕೊನೆಯ ದಿನವೇ ಇಲ್ಲ.

ಆ ಡಿಸೆಂಬರ್ ಬಂದದ್ದು ಹೀಗೆ. ಇಲ್ಲಿಯ ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಕಾಯ್ದೆ 1970ರದು. ಮೊದಲು ತಪ್ಪಿದ, ಮತ್ತೆ ಸರಿಹೋಗದೇ ಉಳಿದ ಕಂತಿನ ದಿನ ಹಿಡಿ. ಅದಕ್ಕೆ 180 ದಿನ ಕೂಡಿಸು, ಅಲ್ಲಿಂದ 7 ವರ್ಷ ಎಣಿಸು. 2013ರ ಜೂನಿಗೆ 180 ದಿನ ಕೂಡಿಸಿದರೆ ಡಿಸೆಂಬರ್. ಅಲ್ಲಿಂದ 7 ವರ್ಷ. ಸಾಲ ಒಬ್ಬರಿಂದ ಇನ್ನೊಬ್ಬರಿಗೆ, ಅವರಿಂದ ಮತ್ತೊಬ್ಬರಿಗೆ ಮಾರಾಟವಾದರೂ ಆ ದಿನ ಕದಲುವುದಿಲ್ಲ. ಹೊಸದಾಗಿ ಕೊಂಡವನು ತಾನು ಕೊಂಡ ದಿನವನ್ನು ಖಾತೆ ತೆರೆದ ದಿನ ಅಂತ ತೋರಿಸಬಹುದು, ಅದನ್ನು ನೋಡಿ ಜನ ಗಾಬರಿಯಾಗುತ್ತಾರೆ. ಅದು ಲೆಕ್ಕಕ್ಕಿಲ್ಲ. ಮೊದಲ ಬಾಕಿಯ ದಿನವನ್ನೇ ಮುಂದೆ ತಳ್ಳಿದ್ದರೆ ಮಾತ್ರ ಅದು ಕಾನೂನುಬಾಹಿರ. ಅದನ್ನು ಹಿಡಿಯುವುದಕ್ಕೆ ಬೇಕಾದದ್ದು ಹಳೇ ಬ್ಯಾಂಕಿನ ಸ್ಟೇಟ್‌ಮೆಂಟ್. ಯಾವ ತಿಂಗಳು ಕಂತು ತಪ್ಪಿತು ಅಂತ ತೋರಿಸುವ ಆ ಒಂದು ಹಾಳೆ ಎತ್ತಿಟ್ಟುಕೊಂಡವರು ಗೆದ್ದರು.

ಇಲ್ಲಿ ಎರಡು ಗಡಿಯಾರ ಓಡುತ್ತವೆ, ಅವೆರಡನ್ನೂ ಒಂದೇ ಅಂದುಕೊಂಡವರೇ ಹೆಚ್ಚು ಸಿಕ್ಕಿಬೀಳುತ್ತಾರೆ. ರಿಪೋರ್ಟಿನ ಗಡಿಯಾರ 7 ವರ್ಷದ್ದು, ಅದನ್ನು ಯಾರೂ ಹಿಂದಕ್ಕೆ ತಿರುಗಿಸಲಾರರು. ಇನ್ನೊಂದು ಕೋರ್ಟಿನದು, ಅಂದರೆ ವಸೂಲಿಗೆ ದಾವೆ ಹಾಕಲು ಇರುವ ಅವಧಿ, ಅದು ರಾಜ್ಯಕ್ಕೊಂದು ರೀತಿ: ನ್ಯೂಜೆರ್ಸಿಯಲ್ಲಿ 6 ವರ್ಷ, ಟೆಕ್ಸಾಸಿನಲ್ಲಿ 4. ಹಲವು ರಾಜ್ಯಗಳಲ್ಲಿ ಈ ಎರಡನೆಯದನ್ನು ಇಪ್ಪತ್ತು ಡಾಲರಿನ ಒಂದು ಪಾವತಿ ಮತ್ತೆ ಮೊದಲಿನಿಂದ ಶುರು ಮಾಡಿಬಿಡುತ್ತದೆ. ವಸೂಲಿಯವನು "ಸದ್ಯಕ್ಕೆ ಏನಾದರೂ ಸ್ವಲ್ಪ ಕಟ್ಟಿ" ಅನ್ನುವುದು ಅದಕ್ಕೇ. ಆದ್ದರಿಂದ ಫೋನಿನಲ್ಲಿ ಏನನ್ನೂ ಒಪ್ಪಿಕೊಳ್ಳಬಾರದು. ಮೊದಲ ಸಂಪರ್ಕದಲ್ಲೇ, ಇಲ್ಲವೇ ಅದಾಗಿ 5 ದಿನದೊಳಗೆ, ಅವರು ಸಾಲದ ವಿವರ ಲಿಖಿತವಾಗಿ ಕೊಡಬೇಕು. ಅದು ಕೈಸೇರಿದ 30 ದಿನದೊಳಗೆ "ಈ ಸಾಲ ನನ್ನದೆಂದು ರುಜುವಾತು ಕೊಡಿ" ಅಂತ ನೀವು ರಿಜಿಸ್ಟರ್ಡ್ ಪತ್ರ ಹಾಕಿದರೆ, ರುಜುವಾತು ಕಳಿಸುವವರೆಗೂ ವಸೂಲಿ ನಿಲ್ಲಬೇಕು. ಇದು 1977ರ ಕಾನೂನು.

ಕ್ರೆಡಿಟ್ ಬ್ಯೂರೋಗೆ, ಅಂದರೆ ಈ ರಿಪೋರ್ಟ್ ತಯಾರಿಸುವ ಕಂಪನಿಗೆ, ತಕರಾರು ಹಾಕಿದಾಗಲೂ ಹೀಗೇ. ಬ್ಯೂರೋಗೆ ಸಾಮಾನ್ಯವಾಗಿ 30 ದಿನ ಇರುತ್ತದೆ. ಅಷ್ಟರಲ್ಲಿ ಆ ಸಾಲವನ್ನು ಬ್ಯಾಂಕಿನಿಂದ ಕೊಂಡವನು ಖಚಿತಪಡಿಸದಿದ್ದರೆ ಆ ನಮೂದನ್ನೇ ರಿಪೋರ್ಟಿನಿಂದ ತೆಗೆಯಬೇಕು. ಕೊಂಡವನಿಗೆ ಎಷ್ಟೋ ಸಲ ಕೈಗೆ ಬಂದಿರುವುದು ಒಂದು ಕಂಪ್ಯೂಟರ್ ಪಟ್ಟಿ ಮಾತ್ರ, ಮೂಲ ಕರಾರುಪತ್ರ ಇರುವುದಿಲ್ಲ. ಅಳಿಸಿ ಹೋಗುವವು ಹಾಗೆ ಹೋಗುತ್ತವೆ.

ಈಗ ನಮ್ಮ ಕಡೆಯದನ್ನು ನೋಡಿ. ಕ್ರೆಡಿಟ್ ಮಾಹಿತಿ ಕಂಪನಿಗಳ ಕಾಯ್ದೆ 2005ರದು. ಅದರ ನಿಯಮಾವಳಿ ಮಾಹಿತಿಯನ್ನು ಕನಿಷ್ಠ 7 ವರ್ಷ ಇಟ್ಟುಕೊಳ್ಳಿ ಅನ್ನುತ್ತದೆ. ಅದೇ ಏಳು, ಆದರೆ ಅಮೆರಿಕದಲ್ಲಿ ಅದು ಮೇಲಿನ ಮಿತಿ, ನಮ್ಮಲ್ಲಿ ಕೆಳಗಿನ ಮಿತಿ. ನನ್ನ ತಕರಾರೆಲ್ಲ ಈ ಒಂದು ಪದದ ಮೇಲೆಯೇ. ಪಾಡ್ಯದ ದಿನ ಹೊಸ ಕಿರ್ದಿಗೆ ಕುಂಕುಮ ಹಚ್ಚುವ ಊರು ನಮ್ಮದು. ಯಾವ ಉದ್ರಿ ಹೊಸ ಕಿರ್ದಿಗೆ ಏರಬೇಕು, ಯಾವುದನ್ನು ಬಿಡಬೇಕು ಅಂತ ಬಜಾರಿನ ಸಾಹುಕಾರನಿಗೂ ಗೊತ್ತು. ಅಷ್ಟು ತಿಳಿವಳಿಕೆ ಇರುವ ನಾಡಿನಲ್ಲಿ ಇಪ್ಪತ್ತೈದರ ವಯಸ್ಸಿನ ತಪ್ಪು ಮೂವತ್ತೇಳರಲ್ಲಿ ಮನೆ ಕಟ್ಟುವುದಕ್ಕೆ ಅಡ್ಡ ಬರಬೇಕೆ?

ತಕರಾರು ಹಾಕಿದರೂ ಸುತ್ತಾಟವೇ. ಸಾಲ ಕೊಟ್ಟವರು ಒಪ್ಪದೆ ತಿದ್ದಲಾರೆವು ಅನ್ನುತ್ತದೆ ಸಿಬಿಲ್. ಮಾರಿಬಿಟ್ಟಿದ್ದೇವೆ, ನಮ್ಮದೇನಿಲ್ಲ ಅನ್ನುತ್ತದೆ ಬ್ಯಾಂಕು. ಬ್ಯಾಂಕು ಕೊಟ್ಟ ಲೆಕ್ಕವೇ ನಮ್ಮ ಲೆಕ್ಕ ಅನ್ನುತ್ತದೆ ಎಆರ್‌ಸಿ. ಕೆಲವರ ರಿಪೋರ್ಟಿನಲ್ಲಿ ಒಂದೇ ಬಾಕಿ ಎರಡು ಸಾಲಿನಲ್ಲಿ ಕೂತಿರುತ್ತದೆ, ಬ್ಯಾಂಕಿನದೊಂದು, ಕೊಂಡವರದೊಂದು. ಮಾರಿದ ಮೇಲೆ ಬ್ಯಾಂಕಿನ ಸಾಲಿನಲ್ಲಿ ಬಾಕಿ ಸೊನ್ನೆ ಇರಬೇಕು. ಇಲ್ಲದಿದ್ದರೆ ಅದೇ ಮೊದಲ ತಕರಾರಾಗಲಿ.

ಇನ್ನೊಂದು ಮಾತು ಊರಿಗೆ ಫೋನ್ ಮಾಡಿದಾಗಲೆಲ್ಲ ಹೇಳುತ್ತೇನೆ: ರೈಟ್ ಆಫ್ ಅಂದರೆ ಮನ್ನಾ ಅಲ್ಲ. 2018ರ ಬೆಳೆ ಸಾಲ ಮನ್ನಾ ಕಂಡ ನಮ್ಮ ಜನಕ್ಕೆ ಎರಡೂ ಒಂದೇ ಥರ ಕೇಳಿಸುತ್ತವೆ. ರೈಟ್ ಆಫ್ ಬ್ಯಾಂಕಿನ ಲೆಕ್ಕದ ಪುಸ್ತಕದೊಳಗಿನ ಮಾತು, ಸಾಲಗಾರನ ಹೆಗಲ ಭಾರ ಹಾಗೇ ಇರುತ್ತದೆ. ಕೋರ್ಟಿಗೆ ಹೋಗುವ ಅವಧಿ ನಮ್ಮಲ್ಲಿ 1963ರ ಕಾಲಮಿತಿ ಕಾಯ್ದೆಯಂತೆ ಸಾಮಾನ್ಯವಾಗಿ 3 ವರ್ಷ. ಅದು ಮುಗಿಯುವ ಮೊದಲು ಸಹಿ ಮಾಡಿ ಬಾಕಿ ಒಪ್ಪಿಕೊಂಡರೆ ಮತ್ತೆ ಹೊಸದಾಗಿ 3 ವರ್ಷ. ಮುಗಿದ ಮೇಲೆಯೂ "ಕೊಡುತ್ತೇನೆ" ಅಂತ ಬರೆದು ಸಹಿ ಹಾಕಿದರೆ ಕರಾರು ಕಾಯ್ದೆಯ 25ನೇ ಕಲಮಿನಲ್ಲಿ ಅದೇ ಹೊಸ ಕರಾರಾಗುತ್ತದೆ. ಕೋರ್ಟಿನ ಅವಧಿ ಮುಗಿದರೂ ರಿಪೋರ್ಟಿನ ಸಾಲು ಮಾತ್ರ ಅಳಿಯುವುದಿಲ್ಲ.

ಹಾಗಾದರೆ ವಿಜಯಪುರದಲ್ಲಿ ಕೂತವನು ಏನು ಮಾಡಬೇಕು? ಸಿಬಿಲ್ ಒಂದೇ ಅಲ್ಲ, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಸೇರಿ ನಾಲ್ಕೂ ಕಡೆಯಿಂದ ವರ್ಷಕ್ಕೊಂದು ಪೂರ್ಣ ರಿಪೋರ್ಟ್ ಪುಕ್ಕಟೆ ಸಿಗುತ್ತದೆ, ನಾಲ್ಕನ್ನೂ ತೆಗೆಸಬೇಕು. ಎಆರ್‌ಸಿಗೆ ಇಮೇಲ್ ಹಾಕಿ ಸಾಲ ವರ್ಗಾವಣೆಯ ಪತ್ರ ಮತ್ತು ಅಸಲು, ಬಡ್ಡಿ, ದಂಡ ಬಿಡಿಸಿ ಬರೆದ ಲೆಕ್ಕ ಕೇಳಬೇಕು. ಕೇಳುವಾಗ "ನನ್ನ ಬಾಕಿ" ಅನ್ನದೆ "ನೀವು ತೋರಿಸಿರುವ ಬಾಕಿ" ಅಂತ ಬರೆಯಬೇಕು. ಒಪ್ಪಂದಕ್ಕೆ ಬಂದರೆ ಮೊದಲು ಕಂಪನಿಯ ಲೆಟರ್‌ಹೆಡ್ಡಿನ ಪತ್ರ, ಆಮೇಲೆ ದುಡ್ಡು. ದುಡ್ಡು ಕಂಪನಿಯ ಹೆಸರಿನ ಖಾತೆಗೇ ಹೋಗಬೇಕು, ಮನೆ ಬಾಗಿಲಿಗೆ ಬಂದವನ ಕೈಗೂ ಅಲ್ಲ, ಅವನ ಫೋನ್ ಪೇಗೂ ಅಲ್ಲ. ಅರ್ಧಕ್ಕೆ ಚುಕ್ತಾ ಮಾಡಿದರೆ ರಿಪೋರ್ಟಿನಲ್ಲಿ "ಸೆಟಲ್ಡ್" ಅಂತ ಬರುತ್ತದೆ, ಮನೆ ಸಾಲ ಕೊಡುವವರು ಅದನ್ನು ಕಂಡರೂ ಹಿಂಜರಿಯುತ್ತಾರೆ. ಪೂರ್ತಿ ಕಟ್ಟಿದರೆ "ಕ್ಲೋಸ್ಡ್". ಮನೆ ಕಟ್ಟುವ ಮನಸ್ಸಿದ್ದು ಮೊತ್ತ ಸಣ್ಣದಿದ್ದರೆ ದಂಡ ಬಿಡಿಸಿಕೊಂಡು, ಅಸಲು ಬಡ್ಡಿ ಪೂರ್ತಿ ಕಟ್ಟಿ, "ಕ್ಲೋಸ್ಡ್ ಎಂದು ವರದಿ ಮಾಡುತ್ತೇವೆ" ಅನ್ನುವ ವಾಕ್ಯವನ್ನು ಪತ್ರದಲ್ಲೇ ಬರೆಸಿಕೊಳ್ಳುವುದು ಲೇಸು. ಬೇಬಾಕಿ ಪತ್ರ ಕೈಗೆ ಬಂದ ಮೇಲೆ ತಿಂಗಳು ಬಿಟ್ಟು ನಾಲ್ಕೂ ರಿಪೋರ್ಟ್ ಮತ್ತೆ ನೋಡಬೇಕು.

ಊರಿನ ಪರವಾಗಿ ಹೇಳಬೇಕಾದದ್ದೂ ಇದೆ, ತಡವಾಗಿಯಾದರೂ ಹೇಳುತ್ತೇನೆ. 2024ರ ಏಪ್ರಿಲ್ 26ರಿಂದ ತಕರಾರು 30 ದಿನದಲ್ಲಿ ಬಗೆಹರಿಯದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ಅಮೆರಿಕದಲ್ಲಿ ಹೀಗೆ ದಿನದ ಲೆಕ್ಕದಲ್ಲಿ ತಾನಾಗಿ ಸಿಗುವ ದುಡ್ಡಿಲ್ಲ, ವಕೀಲನನ್ನು ಹಿಡಿಯಬೇಕು. ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ವ್ಯಾಪ್ತಿಗೆ 2022ರಿಂದ ಕ್ರೆಡಿಟ್ ಮಾಹಿತಿ ಕಂಪನಿಗಳೂ ಬಂದಿವೆ, ದೂರಿಗೆ ಫೀಸಿಲ್ಲ. ವಸೂಲಿಯವರು ನಮ್ಮಲ್ಲಿ ಸಂಜೆ 7ರ ಮೇಲೆ ಫೋನ್ ಮಾಡುವಂತಿಲ್ಲ, ಇಲ್ಲಿ ರಾತ್ರಿ 9ರವರೆಗೂ ಮಾಡಬಹುದು. ಇಲ್ಲಿ ಮನ್ನಾ ಮಾಡಿದ ಸಾಲ 600 ಡಾಲರ್ ಅಥವಾ ಅದಕ್ಕೂ ಹೆಚ್ಚಿದ್ದರೆ ಅದನ್ನು ಆದಾಯವೆಂದು ತೆರಿಗೆ ಇಲಾಖೆಗೆ ತಿಳಿಸುತ್ತಾರೆ. ಕೋರ್ಟಿನ ಸಮನ್ಸಿಗೆ ಉತ್ತರ ಕೊಡದೆ ಕೂತವನ ಪಗಾರದಿಂದ ಹಲವು ರಾಜ್ಯಗಳಲ್ಲಿ ಕಾಲು ಭಾಗದವರೆಗೂ ಮುರಿದುಕೊಳ್ಳುತ್ತಾರೆ. ಪತ್ತಿನ ಸಂಘದ ಸೆಕ್ರೆಟರಿ "ಕಬ್ಬಿನ ಬಿಲ್ ಬಂದ ಮ್ಯಾಲ ಕಟ್ರಿ" ಅಂತ ಹೇಳಿ ಕಳಿಸುವಂಥ ಮಾತು ಇಲ್ಲಿ ಯಾವ ಕೌಂಟರಿನಲ್ಲೂ ಸಿಗಲಿಕ್ಕಿಲ್ಲ.

ಇಷ್ಟಿದ್ದೂ ದಿನಕ್ಕೆ ನೂರು ರೂಪಾಯಿ ಬರುವುದು ತಪ್ಪು ಲೆಕ್ಕ ತಿದ್ದದೇ ಹೋದದ್ದಕ್ಕೆ. ಕಾಕಾನ ಮಗನ ಲೆಕ್ಕ ತಪ್ಪಲ್ಲ, ಹಳತು. ಹಳತಾಯಿತು ಅಂತ ತಕರಾರು ಹಾಕುವುದಕ್ಕೆ ಸಿಬಿಲ್ಲಿನ ಫಾರ್ಮಿನಲ್ಲಿ ಕಲಮಿಲ್ಲ.