ಲೌಟರ್‌ಬ್ರುನ್ನೆನ್‌ಗೆ ಕಾರು ಬೇಡ, ರೈಲು ಹತ್ತಿ ಬನ್ನಿ

ಬೇಸಿಗೆ ಹತ್ತಿರ ಬಂತೆಂದರೆ ಊರಿನಿಂದ ಮೆಸೇಜುಗಳು ಶುರು. "ಸ್ವಿಟ್ಜರ್‌ಲ್ಯಾಂಡಿಗೆ ಬರ್ತಿದ್ದೀವಿ. ಲೌಟರ್‌ಬ್ರುನ್ನೆನ್ ಕಣಿವೆ ನೋಡ್ಬೇಕು. ಕಾರು ಬಾಡಿಗೆಗೆ ತಗೊಳ್ಳೋದಾ?" ಎಲ್ಲರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಇಲ್ಲೇ ಬರೆದುಬಿಡುತ್ತೇನೆ.

ಬೇಡ. ಆ ಕಣಿವೆಯಲ್ಲಿ ನಡೆಯುವ ಆಸೆ ಇದ್ದರೆ ಕಾರು ಬೇಡವೇ ಬೇಡ. ದುಡ್ಡು ಉಳಿಯುತ್ತದೆ ಅಂತ ಈ ಮಾತು ಹೇಳುತ್ತಿಲ್ಲ. ಪರಿಸರದ ಮಾತು ಕೂಡ ಆಮೇಲಿನದು. ಕಾರು ತಂದರೆ ನಿಮ್ಮ ನಡಿಗೆಯೇ ಹಾಳಾಗುತ್ತದೆ, ಅದಕ್ಕೆ ಹೇಳುತ್ತಿದ್ದೇನೆ.

ಯಾಕೆ ಅಂತೀರಾ? ಕಾರು ನಿಲ್ಲಿಸಿದ ಜಾಗಕ್ಕೆ ವಾಪಸ್ ಬರಲೇಬೇಕು. ಎಷ್ಟು ದೂರ ಹೋಗಿರುತ್ತೀರೋ ಅಷ್ಟೇ ದೂರ ಹಿಂದಕ್ಕೆ. ಮುಂದಿನ ತಿರುವಿನಾಚೆ ಏನಿದೆ ಅಂತ ನೋಡುವ ಆಸೆ ಇದ್ದರೂ ಮನಸ್ಸು ಪಾರ್ಕಿಂಗ್ ಕಡೆಗೇ ಎಳೆಯುತ್ತದೆ. ರೈಲು, ಬಸ್ಸಿನಲ್ಲಿ ಬಂದವರಿಗೆ ಈ ಕಟ್ಟು ಇಲ್ಲ. ಒಂದು ಸ್ಟಾಪಿನಲ್ಲಿ ಇಳಿದು, ಬೆಟ್ಟದ ಮೈಯಲ್ಲಿ ನಡೆದು, ಇನ್ಯಾವುದೋ ಊರಿನ ಸ್ಟಾಪಿನಲ್ಲಿ ಹತ್ತಬಹುದು. ಸುಸ್ತಾದರೆ ನಡುವೆಯೇ ನಿಲ್ಲಿಸಬಹುದು. ಮಳೆ ಬಂದರೂ ಅಷ್ಟೇ.

ಇಂಟರ್‌ಲಾಕೆನ್ ಓಸ್ಟ್ ಸ್ಟೇಷನ್ನಿನಿಂದ ಲೌಟರ್‌ಬ್ರುನ್ನೆನ್‌ಗೆ ರೈಲಿನಲ್ಲಿ ಇಪ್ಪತ್ತು ನಿಮಿಷ. ಅರ್ಧ ಗಂಟೆಗೊಂದು ರೈಲು. ಒಂದೇ ಎಚ್ಚರಿಕೆ: ಈ ರೈಲು ತ್ಸ್‌ವೈಲ್ಯುಚಿನೆನ್ ಎಂಬಲ್ಲಿ ಎರಡಾಗುತ್ತದೆ. ಅರ್ಧ ಲೌಟರ್‌ಬ್ರುನ್ನೆನ್‌ಗೆ, ಅರ್ಧ ಗ್ರಿಂಡೆಲ್‌ವಾಲ್ಡ್‌ಗೆ. ಬೋಗಿಯ ಮೇಲಿನ ಬೋರ್ಡು ನೋಡಿ ಹತ್ತಿ.

ಇಳಿದ ಕೂಡಲೇ ಸ್ಟಾಬ್‌ಬಾಖ್ ಜಲಪಾತ ಕಾಣುತ್ತದೆ. ಎತ್ತರ 297 ಮೀಟರ್. ನಮ್ಮ ಜೋಗಕ್ಕಿಂತ ಎತ್ತರ, ಆದರೆ ನೀರು ಅಷ್ಟಿಲ್ಲ. ಗಾಳಿ ಬೀಸಿದ ಕಡೆಗೆಲ್ಲ ಹಾರಿಕೊಂಡು ಬೀಳುತ್ತದೆ. ಅಲ್ಲಿಂದ ಕಣಿವೆಯ ಕೊನೆಯ ಊರು ಸ್ಟೆಕೆಲ್‌ಬರ್ಗ್‌ವರೆಗೆ ಹೊಳೆಯ ಪಕ್ಕ ಸಮತಟ್ಟಾದ ದಾರಿ. ಆರಾಮಾಗಿ ನಡೆದರೆ ಎರಡು ಗಂಟೆ. ಎರಡೂ ಕಡೆ ಗೋಡೆಯಂತೆ ಎದ್ದ ಬಂಡೆ, ನಡುವೆ ಹುಲ್ಲುಗಾವಲು, ಹಸುಗಳು. ಇದೇ ದಾರಿಗೆ ಜೊತೆಯಾಗಿ ರಸ್ತೆಯಲ್ಲಿ 141 ನಂಬರಿನ ಹಳದಿ ಬಸ್ಸು ಓಡಾಡುತ್ತದೆ. ನಡುವೆ ಟ್ರುಮ್ಮೆಲ್‌ಬಾಖ್ ಇದೆ. ಐಗರ್, ಮೋಂಕ್, ಯುಂಗ್‌ಫ್ರೌ ಮೂರೂ ಶಿಖರಗಳ ಹಿಮನದಿಗಳ ನೀರು ಅಲ್ಲಿ ಬೆಟ್ಟದ ಹೊಟ್ಟೆಯೊಳಗೆ ಕೊರೆದುಕೊಂಡು ಇಳಿಯುತ್ತದೆ. ಒಟ್ಟು ಹತ್ತು ಜಲಪಾತಗಳು. ನೀರು ಹೆಚ್ಚಿದಾಗ ಸೆಕೆಂಡಿಗೆ 20,000 ಲೀಟರ್‌ವರೆಗೆ ಹರಿಯುತ್ತದೆ. ಒಳಗೆ ನಿಂತರೆ ಪಕ್ಕದವರ ಮಾತು ಕೇಳಿಸುವುದಿಲ್ಲ. ಟಿಕೆಟ್ ಇದೆ, ಚಳಿಗಾಲದಲ್ಲಿ ಮುಚ್ಚಿರುತ್ತದೆ. ಹಿರಿಯರು ಅಲ್ಲಿವರೆಗೆ ನಡೆದು, ನೋಡಿ, ಬಾಗಿಲಲ್ಲೇ ಬಸ್ಸು ಹತ್ತಬಹುದು. ಉಳಿದವರು ಮುಂದೆ ನಡೆಯಬಹುದು.

ನಮ್ಮ ಮನೆಯಲ್ಲಿ ಆದದ್ದನ್ನೇ ಹೇಳುತ್ತೇನೆ. ಅತ್ತೆ ಮಾವ ಬಂದಿದ್ದರು. ಅತ್ತೆಗೆ ಮಂಡಿ ನೋವು. ಮಾವನಿಗೆ ನಡೆಯಬೇಕು, ಆದರೆ ಅತ್ತೆಯನ್ನು ಬಿಟ್ಟು ಹೋಗಲು ಮನಸ್ಸಿಲ್ಲ. ಲೌಟರ್‌ಬ್ರುನ್ನೆನ್ ಸ್ಟೇಷನ್ನಿನ ಎದುರಿನಿಂದ ಕೇಬಲ್ ಕಾರಿನಲ್ಲಿ ಗ್ರುಟ್‌ಶಾಲ್ಪ್‌ಗೆ ಹೋದೆವು. ಅದು 1,486 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಮ್ಯೂರೆನ್ ಎಂಬ ಊರಿಗೆ ಬೆಟ್ಟದ ಅಂಚಿನಲ್ಲಿ ಪುಟ್ಟ ರೈಲು ಹೋಗುತ್ತದೆ. ಹಳಿಯ ಜೊತೆಜೊತೆಗೇ ಕಾಲುದಾರಿ. ಸಣ್ಣ ಏರು ಅಷ್ಟೆ. ಕಣಿವೆಯ ಆಚೆ ದಡದಲ್ಲಿ ಮೂರೂ ಶಿಖರಗಳು ಸಾಲಾಗಿ ನಿಂತಿರುತ್ತವೆ. ಅತ್ತೆ ಮಾವ ರೈಲಿನಲ್ಲಿ ನಡುವಿನ ವಿಂಟರೆಗ್ ಸ್ಟೇಷನ್ನಿಗೆ ಹೋದರು. ನಾವು ಮಕ್ಕಳನ್ನು ಕರೆದುಕೊಂಡು ನಡೆದೆವು. ವಿಂಟರೆಗ್‌ನಲ್ಲಿ ಎಲ್ಲ ಸೇರಿ ಊಟ. ಅಲ್ಲಿಂದ ಮುಂದಕ್ಕೆ ಮಾವ ನಮ್ಮ ಜೊತೆ ನಡೆದರು. ಅತ್ತೆ ನನ್ನ ಮಗಳ ಜೊತೆ ಮುಂದಿನ ರೈಲಿಗೆ ಹತ್ತಿ, ಮ್ಯೂರೆನ್‌ನಲ್ಲಿ ಬೆಂಚಿನ ಮೇಲೆ ಕೂತು ನಮಗಾಗಿ ಕಾದರು. ಯಾರಿಗೂ ಯಾರೂ ಭಾರವಾಗಲಿಲ್ಲ. "ನನ್ನಿಂದ ನಿಮಗೆಲ್ಲ ತೊಂದರೆ" ಎಂಬ ಮಾತು ಆ ದಿನ ಅತ್ತೆಯ ಬಾಯಲ್ಲಿ ಒಮ್ಮೆಯೂ ಬರಲಿಲ್ಲ. ನನಗೆ ಶಿಖರ ನೋಡಿದ್ದಕ್ಕಿಂತ ಜಾಸ್ತಿ ಖುಷಿ ಕೊಟ್ಟಿದ್ದು ಅದು.

ಇಷ್ಟು ಚೆಂದದ ಏರ್ಪಾಡು ತಾನಾಗಿ ಆಗಿದ್ದಲ್ಲ. ಇದರ ಹಿಂದೆ ನೂರು ವರ್ಷಕ್ಕೂ ಮೇಲಿನ ಕೆಲಸ ಇದೆ. ಲೌಟರ್‌ಬ್ರುನ್ನೆನ್‌ಗೆ ರೈಲು ಬಂದಿದ್ದು 1890ರಲ್ಲಿ. ಮ್ಯೂರೆನ್‌ಗೆ 1891, ವೆಂಗೆನ್‌ಗೆ 1893. ಕಾರು ಎಲ್ಲೂ ಕಾಣದ ಕಾಲ. ಮೇಲಿನ ಆ ಎರಡು ಊರಿನಲ್ಲಿ ಇವತ್ತಿಗೂ ಪ್ರವಾಸಿಗರ ಕಾರು ಹೋಗುವುದಿಲ್ಲ. ಕಾರು ತಂದವರು ಕೆಳಗೆ ನಿಲ್ಲಿಸಿ, ಕೊನೆಗೆ ನಮ್ಮ ಜೊತೆಯೇ ರೈಲು ಹತ್ತುತ್ತಾರೆ. ಹಾಗಾದರೆ ಅಲ್ಲಿವರೆಗೆ ತಂದಿದ್ದು ಯಾಕೆ?

ದಾರಿ ತೋರಿಸುವ ಹಳದಿ ಬೋರ್ಡುಗಳ ಕತೆ ನನಗೆ ಇನ್ನೂ ಇಷ್ಟ. 1930ರ ದಶಕದಲ್ಲಿ ಯೋಹಾನ್ ಯಾಕೋಬ್ ಎಸ್ ಅಂತ ಜೂರಿಕ್ ಕಡೆಯ ಒಬ್ಬ ಮೇಷ್ಟ್ರು ಶಾಲೆಯ ಮಕ್ಕಳನ್ನು ಕ್ಲೌಸೆನ್ ಘಾಟಿಗೆ ನಡೆಸಿಕೊಂಡು ಹೋಗಿದ್ದರು. ರಸ್ತೆ ತುಂಬ ಕಾರು, ಧೂಳು. ನಡೆಯುವವರಿಗೆ ಜಾಗವೇ ಇಲ್ಲ. ನಡೆಯುವವರಿಗೆ ಬೇರೆ ದಾರಿ ಬೇಕು, ಅದಕ್ಕೆ ಗುರುತು ಬೇಕು ಅಂತ ಅವರು ಹಟ ಹಿಡಿದರು. 1934ರಲ್ಲಿ ದೇಶಕ್ಕೆಲ್ಲ ಒಂದು ಸಂಘವಾಯಿತು. ಇವತ್ತು ಒಂದೇ ಬಗೆಯ ಗುರುತಿರುವ ಸುಮಾರು 65,000 ಕಿಲೋಮೀಟರ್ ಕಾಲುದಾರಿ ಈ ಸಣ್ಣ ದೇಶದಲ್ಲಿದೆ.

1979ರಲ್ಲಿ ಇಲ್ಲಿನ ಜನ ಮತ ಹಾಕಿ ಕಾಲುದಾರಿಯನ್ನು ಸಂವಿಧಾನದೊಳಗೇ ಸೇರಿಸಿದರು. 1985ರಲ್ಲಿ ಕಾನೂನಾಯಿತು. ಆ ಕಾನೂನಿನಲ್ಲಿ ಒಂದು ಸಾಲು ಇದೆ, ಓದಿ ನನಗೆ ಮೈ ಜುಮ್ಮೆಂದಿತು. ಕಾಲುದಾರಿಗಳು ಯಾವ ಯಾವ ಜಾಗಗಳನ್ನು ಮುಟ್ಟಬೇಕು ಎಂದು ಹೇಳುವಾಗ, ಚೆಂದದ ನೋಟಗಳು, ಕೆರೆ ಹೊಳೆಗಳ ದಡಗಳ ಸಾಲಿನಲ್ಲೇ ಬಸ್ಸು ರೈಲಿನ ನಿಲ್ದಾಣಗಳ ಹೆಸರೂ ಇದೆ. ಇದ್ದ ದಾರಿಯನ್ನು ಯಾರಾದರೂ ಮುಚ್ಚಬೇಕಾಗಿ ಬಂದರೆ ಸುತ್ತಲಿನ ಪರಿಸ್ಥಿತಿ ನೋಡಿಕೊಂಡು ಬದಲಿ ದಾರಿ ಕೊಡಬೇಕು ಎಂದೂ ಬರೆದಿದೆ. ಇದು ಹಣವಂತ ದೇಶ, ಅವರಿಗೆ ಸಾಧ್ಯ, ನಮಗಲ್ಲ ಅಂತ ಬಹಳ ಜನ ಹೇಳುತ್ತಾರೆ. ಹಣ ಬೇಕು, ನಿಜ. ಆದರೆ ನಡೆಯುವವನಿಗೂ ಹಕ್ಕಿದೆ ಅಂತ ಮೊದಲು ಯಾರೋ ಒಪ್ಪಿಕೊಳ್ಳಬೇಕಲ್ವಾ?

ಬೋರ್ಡಿನ ಮೇಲೆ ಕಿಲೋಮೀಟರ್ ಇರುವುದಿಲ್ಲ, ಸಮಯ ಇರುತ್ತದೆ. ಸಪಾಟು ನೆಲದಲ್ಲಿ ಗಂಟೆಗೆ 4.2 ಕಿಲೋಮೀಟರ್ ಲೆಕ್ಕ, ನಿಲ್ಲದೆ ನಡೆದರೆ. ಫೋಟೋ, ಚಹಾ, ಮಕ್ಕಳ ಹಟ ಇದರಲ್ಲಿ ಸೇರಿಲ್ಲ. ನೀವೇ ಸೇರಿಸಿಕೊಳ್ಳಿ. ಬರೀ ಹಳದಿ ಗುರುತಿದ್ದರೆ ಯಾರು ಬೇಕಾದರೂ ನಡೆಯಬಹುದು. ಬಿಳಿ-ಕೆಂಪು-ಬಿಳಿ ಇದ್ದರೆ ಒಳ್ಳೆಯ ಶೂ ಬೇಕು, ಎತ್ತರದ ಭಯ ಇರಬಾರದು. ಬಿಳಿ-ನೀಲಿ-ಬಿಳಿ ಕಂಡರೆ ವಾಪಸ್ ಬನ್ನಿ. ಅದು ಬಂಡೆ, ಹಿಮ ಹತ್ತಿ ಅಭ್ಯಾಸ ಇರುವವರಿಗೆ.

ನಮ್ಮವರಲ್ಲಿ ಹೆಚ್ಚಿನವರು ಈ ಕಣಿವೆಗೆ ಬರುವುದು ಯುಂಗ್‌ಫ್ರೌಯೋಖ್‌ಗೆ ಹೋಗಲು ಮಾತ್ರ. 3,454 ಮೀಟರ್ ಎತ್ತರದ ಸ್ಟೇಷನ್. 1912ರಲ್ಲಿ ಬೆಟ್ಟದೊಳಗೆ ಸುರಂಗ ಕೊರೆದು ರೈಲು ಮುಟ್ಟಿಸಿದ್ದು ದೊಡ್ಡ ಸಾಹಸವೇ. ನೋಡಬೇಡಿ ಅನ್ನುವುದಿಲ್ಲ. ಆದರೆ ರಿಯಾಯಿತಿ ಇಲ್ಲದೆ ಹೋಗಿ ಬರಲು ಬೇಸಿಗೆಯಲ್ಲಿ 200 ಫ್ರಾಂಕಿಗೂ ಮೇಲೆ. ಅಷ್ಟು ಕೊಟ್ಟು ಹೋದ ದಿನ ಮೋಡ ಕವಿದರೆ ಬಿಳಿ ಗೋಡೆ ನೋಡಿ ಬರಬೇಕು. ಒಂದೇ ದಿನ ಇರುವವರಿಗೆ ನಾನು ಹೇಳುವುದು ಬೇರೆ. ವೆಂಗೆನ್‌ನಿಂದ ಕೇಬಲ್ ಕಾರಿನಲ್ಲಿ ಮೆನ್‌ಲಿಖೆನ್‌ಗೆ ಹೋಗಿ. ಅಲ್ಲಿಂದ ಕ್ಲೈನೆ ಶೈಡೆಗ್‌ಗೆ ಒಂದೂವರೆ ಗಂಟೆಯ ಹಗೂರ ಇಳಿಜಾರು. ಇಡೀ ದಾರಿ ಐಗರ್ ಎದುರಿಗೇ ಇರುತ್ತದೆ. ಕೊನೆಯಲ್ಲಿ ರೈಲು ಕಾದಿರುತ್ತದೆ. ಸ್ವಿಸ್ ಟ್ರಾವೆಲ್ ಪಾಸ್ ಇದ್ದರೆ ವೆಂಗೆನ್, ಮ್ಯೂರೆನ್ ಎರಡಕ್ಕೂ ಬೇರೆ ಟಿಕೆಟ್ ಬೇಕಿಲ್ಲ. ಅಲ್ಲಿಂದ ಮೇಲಕ್ಕೆ ರಿಯಾಯಿತಿ ಮಾತ್ರ.

ಕಾಲು ಗಟ್ಟಿ ಇರುವವರು ಬಸ್ಸಿನ ಕೊನೆಯ ಸ್ಟಾಪಿನಿಂದಲೂ ಆಚೆ ಹೋಗಿ. ಸ್ಟೆಕೆಲ್‌ಬರ್ಗ್ ದಾಟಿದರೆ ರೈಲಿಲ್ಲ, ಕೇಬಲ್ ಕಾರಿಲ್ಲ. 2001ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಪ್ರದೇಶ ಅದು. ಸುಮಾರು ಮೂರು ಗಂಟೆ ಏರಿದರೆ ಓಬರ್‌ಸ್ಟೈನ್‌ಬರ್ಗ್ ಎಂಬ ಬೆಟ್ಟದ ಹೋಟೆಲು. ಕೋಣೆಯಲ್ಲಿ ಕರೆಂಟ್ ಇಲ್ಲ, ಮೇಣದ ಬತ್ತಿ ಹಚ್ಚಿಕೊಳ್ಳಬೇಕು. ಕೆಳಗೆ ಲೌಟರ್‌ಬ್ರುನ್ನೆನ್ ಊರಿನಲ್ಲಿ ಸೆಲ್ಫಿಗೆ ಕ್ಯೂ ನಿಂತಿರುವ ದಿನವೂ ಅಲ್ಲಿ ನಾಲ್ಕಾರು ಜನ ಇದ್ದರೆ ಹೆಚ್ಚು.

ಕ್ಯೂ ಅಂದೆ, ಅದನ್ನೂ ಹೇಳಬೇಕು. ಕೆಳಗಿನ ಊರಿಗೆ ಈಗ ಕಾರುಗಳನ್ನು ತಾಳಿಕೊಳ್ಳಲು ಆಗುತ್ತಿಲ್ಲ. ಕಾರಿನಲ್ಲಿ ಒಂದು ದಿನದ ಮಟ್ಟಿಗೆ ಬಂದುಹೋಗುವವರಿಂದ ಪ್ರವೇಶ ಶುಲ್ಕ ತೆಗೆದುಕೊಳ್ಳುವ ಯೋಚನೆ 2024ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಬಸ್ಸು ರೈಲಿನಲ್ಲಿ ಬರುವವರಿಗೆ ಅದು ಬೇಡ ಎಂಬುದೂ ಆ ಯೋಚನೆಯಲ್ಲೇ ಇತ್ತು. ನನಗೆ ಇದು ಸರಿ ಅನ್ನಿಸುತ್ತದೆ. ಅದು ಜನ ಬಾಳುವ ಊರು. ಅವರ ಮನೆ ಬಾಗಿಲಲ್ಲಿ ಕಾರು ನಿಲ್ಲಿಸಿ ಹೂವಿನ ಕುಂಡದ ಪಕ್ಕ ಫೋಟೋ ತೆಗೆಯುವುದು ಯಾವ ನ್ಯಾಯ?

ಊರಿನ ನೆನಪು ಇಲ್ಲಿ ಬಂದೇ ಬರುತ್ತದೆ. ಕುಮಾರ ಪರ್ವತಕ್ಕೆ ನಾನು ಕಾಲೇಜಿನ ದಿನಗಳಲ್ಲಿ ಹೋಗುತ್ತಿದ್ದುದು ಕೆಂಪು ಬಸ್ಸಿನಲ್ಲಿ. ರಾತ್ರಿ ಬೆಂಗಳೂರಿನಲ್ಲಿ ಹತ್ತಿದರೆ ಬೆಳಿಗ್ಗೆ ಕುಕ್ಕೆ. ಅಲ್ಲಿಂದಲೇ ನಡಿಗೆ. ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದ ಹತ್ತಿ ಕುಕ್ಕೆಗೆ ಇಳಿಯುವವರೂ ಇದ್ದಾರೆ. ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿಯುವುದು ನಮಗೆ ಹೊಸದೇನಲ್ಲ. 2024ರ ಜನವರಿಯಲ್ಲಿ ಅಲ್ಲಿ ನೂಕುನುಗ್ಗಲಾಯಿತು, ಆಮೇಲೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಬಂತು. ಒಳ್ಳೆಯದೇ. ಆ ಟಿಕೆಟಿನ ಜೊತೆಗೇ ಬಸ್ಸಿನ ಸಮಯವೂ ಕಾಣುವಂತಾದರೆ, ಬಸ್ ಸ್ಟ್ಯಾಂಡಿನಲ್ಲೇ ದಾರಿಯ ಬೋರ್ಡು ಇದ್ದರೆ ಎಷ್ಟು ಚೆನ್ನ!

ಬರುವವರಿಗೆ ಕೊನೆಯದಾಗಿ ಕೆಲವು ಮಾತು. ಎತ್ತರದ ದಾರಿಗಳಲ್ಲಿ ಜೂನ್‌ವರೆಗೂ ಹಿಮ ಇರಬಹುದು. ಜುಲೈನಿಂದ ಸೆಪ್ಟೆಂಬರ್ ಒಳ್ಳೆಯ ಕಾಲ. ವಸಂತದಲ್ಲಿ, ಶರತ್ಕಾಲದ ಕೊನೆಯಲ್ಲಿ ಕೆಲವು ಕೇಬಲ್ ಕಾರುಗಳು ರಿಪೇರಿಗೆಂದು ನಿಲ್ಲುತ್ತವೆ, ಮೊದಲೇ ನೋಡಿಕೊಳ್ಳಿ. ಮಧ್ಯಾಹ್ನದ ಮೇಲೆ ಗುಡುಗು ಮಳೆ ಜಾಸ್ತಿ, ಬೆಳಿಗ್ಗೆ ಬೇಗ ಹೊರಡಿ. ಇಳಿಯುವ ಕಡೆಯ ಕೊನೆಯ ಬಸ್ಸು, ಕೊನೆಯ ಕೇಬಲ್ ಕಾರು ಎಷ್ಟು ಹೊತ್ತಿಗೆ ಅಂತ ಹತ್ತುವ ಮೊದಲೇ ಬರೆದಿಟ್ಟುಕೊಳ್ಳಿ. ಇಲ್ಲಿನ ರೈಲ್ವೆ ಆಪ್‌ನಲ್ಲಿ ರೈಲು, ಬಸ್ಸು, ಕೇಬಲ್ ಕಾರು ಎಲ್ಲದರ ಸಮಯವೂ ಒಂದೇ ಕಡೆ ಸಿಗುತ್ತದೆ. ನಡೆಯುತ್ತಿರುವಾಗಲೇ "ಇನ್ನೊಂದು ಊರು ಮುಂದೆ ಹೋಗೋಣ" ಅನ್ನಿಸಿದರೆ ಅಲ್ಲೇ ನಿಂತು ನೋಡಿ, ಬದಲಾಯಿಸಿಕೊಳ್ಳಬಹುದು.

ಈ ವರ್ಷ ಬರುತ್ತಿರುವವರು ಯಾವ ತಿಂಗಳು, ಎಷ್ಟು ದಿನ, ಜೊತೆಗೆ ಬರುವ ಹಿರಿಯರಿಗೆ ಎಷ್ಟು ನಡೆಯಲಾಗುತ್ತದೆ ಅಂತ ಬರೆಯಿರಿ. ಯಾವ ಸ್ಟಾಪಿನಲ್ಲಿ ಇಳಿದು ಯಾವ ಸ್ಟಾಪಿನಲ್ಲಿ ಹತ್ತಬೇಕು ಅಂತ ಒಬ್ಬೊಬ್ಬರಿಗೂ ಕೂತು ಬರೆದುಕೊಡುತ್ತೇನೆ.