ಈ ಪೈನ್ ಮರಿಯ ಅಪ್ಪ ಯಾರು?

ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಗುಡ್ಡಗಳ ಮೇಲೆ ಹೆಲಿಕಾಪ್ಟರ್ ಹಾರುತ್ತದೆ. ಕಳ್ಳರನ್ನು ಹುಡುಕುತ್ತಿಲ್ಲ, ಪೈನ್ ಸಸಿ ಹುಡುಕುತ್ತಿದೆ. ಹುಲ್ಲಿನ ನಡುವೆ ಒಂಟಿ ಸಸಿ ಕಂಡರೆ ಮೇಲಿಂದಲೇ ಉದ್ದನೆಯ ಕೋಲು ಇಳಿಸಿ ವಿಷ ಹಾಕುವುದು, ಮುಂದಿನದಕ್ಕೆ ಹಾರುವುದು. ತೋಟ ಬಿಟ್ಟು ಓಡಿ, ಯಾರೂ ನೆಡದೆ ತಾನಾಗಿ ಹಬ್ಬುವ ಈ ಕಾಡುಪೈನ್ ಬೇಟೆಗೆಂದು 2020ರ ಬಜೆಟ್ಟಿನಲ್ಲಿ ನಾಲ್ಕು ವರ್ಷಕ್ಕೆ ತೆಗೆದಿಟ್ಟದ್ದು 10 ಕೋಟಿ ನ್ಯೂಜಿಲೆಂಡ್ ಡಾಲರ್.

ಸರಿ, ಈ ಪುಂಡ ಮರಿಗಳನ್ನು ಹೆತ್ತವರು ಯಾರು ಅಂದರೆ ಎಲ್ಲರೂ ಆಕಾಶ ನೋಡುತ್ತಾರೆ. ಗಾಳಿ ತಂದದ್ದು ಸ್ವಾಮಿ! ಸುಳ್ಳೇನಲ್ಲ. ಈ ಪುಂಡರಲ್ಲೊಂದು ಜಾತಿಯಾದ ಕಾಂಟೋರ್ಟಾ ಪೈನಿನ ಬೀಜ ಕೆಲವೇ ಮಿಲಿಗ್ರಾಂ ತೂಕ, ಅದಕ್ಕೊಂದು ರೆಕ್ಕೆ ಬೇರೆ. ಹೆಚ್ಚಿನವು ಅಮ್ಮನ ಹತ್ತಿರವೇ ಬೀಳುತ್ತವೆ, ಆದರೆ ಗುಡ್ಡದ ನೆತ್ತಿಯಲ್ಲಿ ಜೋರು ಗಾಳಿ ಸಿಕ್ಕ ನಾಲ್ಕಾರು ಬೀಜ ಕಿಲೋಮೀಟರುಗಟ್ಟಲೆ ಹಾರಿ ಹೋಗಿ ಅಲ್ಲೇ ಸಂಸಾರ ಹೂಡಿ, ಕೆಲವೇ ವರ್ಷದಲ್ಲಿ ತಾವೂ ಕಾಯಿ ಬಿಟ್ಟು ಮೊಮ್ಮಕ್ಕಳನ್ನು ಹಾರಿಸುತ್ತವೆ.

ಆದರೆ ಪೈನ್ ವಂಶದಲ್ಲಿ ಹೀಗೆ ಕೈ ತೊಳೆದುಕೊಳ್ಳುವುದು ಕಷ್ಟ. ಇವುಗಳಲ್ಲಿ ಮೈಟೋಕಾಂಡ್ರಿಯಾದ (ಜೀವಕೋಶಕ್ಕೆ ಶಕ್ತಿ ಒದಗಿಸುವ ಭಾಗ) ಡಿಎನ್‌ಎ ಅಮ್ಮನಿಂದ ಬರುತ್ತದೆ, ಕ್ಲೋರೋಪ್ಲಾಸ್ಟಿನ (ಎಲೆಯ ಹಸಿರು ಇರುವ ಭಾಗ) ಡಿಎನ್‌ಎ ಅಪ್ಪನ ಪರಾಗದಿಂದ. ಎರಡನ್ನೂ ಬೇರೆಬೇರೆಯಾಗಿ ಓದಿದರೆ ಬೀಜ ಎಲ್ಲಿಂದ ಬಂತು, ಪರಾಗ ಎಲ್ಲಿಂದ ಬಂತು ಅನ್ನುವ ಸುಳಿವು ಸಿಗುತ್ತದೆ. ಪರೀಕ್ಷೆ ಏನೋ ಇದೆ, ಮಾಡಿಸುವ ಧೈರ್ಯ ಯಾರಿಗಿದೆ? ಅದೇ ದಕ್ಷಿಣ ದ್ವೀಪದ ಮಿಡ್ ಡೋಮ್ ಗುಡ್ಡದಲ್ಲಿ ಮಣ್ಣು ಕೊಚ್ಚಿ ಹೋಗದಿರಲಿ ಅಂತ ಕಳೆದ ಶತಮಾನದಲ್ಲಿ ಪೈನ್ ನೆಟ್ಟದ್ದು ಸರ್ಕಾರವೇ. ಹಠ ಹಿಡಿದು ಅಲ್ಲಿನ ಮರಿಗಳ ಜಾತಕ ತೆಗೆಸಿದರೆ ಅಪ್ಪನ ಹೆಸರಿನ ಮುಂದೆ ಸರ್ಕಾರ, ಅಮ್ಮನ ಹೆಸರಿನ ಮುಂದೆಯೂ ಸರ್ಕಾರ! ಈಗ ಅದೇ ಸರ್ಕಾರ ಕಾಂಟೋರ್ಟಾ ಮಾರುವುದು, ಬೆಳೆಸುವುದು ಅಪರಾಧ ಅನ್ನುತ್ತದೆ.

(ಸುಮ್ನೆ ನಗಬೇಡಿ. ಮಲೆನಾಡಿನಲ್ಲಿ ಅಕೇಶಿಯಾ ನೆಟ್ಟವರೇನು ನ್ಯೂಜಿಲೆಂಡಿನವರಲ್ಲ.)

ಇಷ್ಟಾಗಿಯೂ ಪೈನ್ ನೆಟ್ಟವರಿಗೆ ನ್ಯೂಜಿಲೆಂಡಿನಲ್ಲಿ ಕಾರ್ಬನ್ ಕ್ರೆಡಿಟ್, ಅಂದರೆ ಮರ ಗಾಳಿಯ ಇಂಗಾಲ ಹೀರಿದ್ದಕ್ಕೆ ಮಾರಿ ಕಾಸು ಮಾಡಬಹುದಾದ ಚೀಟಿ, ಸಿಗುತ್ತದೆ. ಅಯ್ಯೋ, ತೋಟದಲ್ಲಿ ನೆಡುವುದು ರೇಡಿಯಾಟಾ ಪೈನ್, ಬೇರೆ ಜಾತಿ ಅಂತೀರಾ? ಅದೂ ತೋಟ ಬಿಟ್ಟು ಓಡುವ ಮರವೇ, ಓಟ ಸ್ವಲ್ಪ ನಿಧಾನ ಅಷ್ಟೇ. ಬೇಲಿಯ ಈಚೆ ಹುಟ್ಟಿದರೆ ಬೆಳೆ, ಆಚೆ ಹುಟ್ಟಿದರೆ ಕಳೆ. ಸರಿಯಾಗಿ ಬೇಲಿಯ ಕೆಳಗೇ ಒಂದು ಸಸಿ ಹುಟ್ಟಿಬಿಟ್ಟರೆ ಪೈಲಟ್ ಪಾಪ ಏನು ಮಾಡಬೇಕು? ಬಲಗಡೆಯ ಕೊಂಬೆಗೆ ಕ್ರೆಡಿಟ್, ಎಡಗಡೆಯದಕ್ಕೆ ವಿಷ ಅಂತ ಇನ್ನೂ ಯಾರೂ ಸುತ್ತೋಲೆ ಹೊರಡಿಸಿದ ಹಾಗಿಲ್ಲ.