ಅರವತ್ತರ ದನಿ ಅರವತ್ತರ ಹಾಗೇ ಕೇಳಿಸಲಿ

ಎವ್ರಿಥಿಂಗ್ ಬಟ್ ದ ಗರ್ಲ್ ಅನ್ನೋ ಪಾಪ್ ಜೋಡಿಯ ಟ್ರೇಸಿ ಥಾರ್ನ್ ಹಾಡಿದ 'ನಥಿಂಗ್ ಲೆಫ್ಟ್ ಟು ಲೂಸ್' ಹಾಡಿನ ಬಗ್ಗೆ ನಮ್ಮ ಗೆಳೆಯರ ಜಗಳ ಇನ್ನೂ ಮುಗಿದಿಲ್ಲ. ಮೊನ್ನೆ ಧಾರವಾಡದಿಂದ ಚಿಗರಿ ಬಸ್ಸು ಹತ್ತಿದಾಗಲೂ ಅದೇ ಮಾತು. "ಆಕಿ ದನಿ ದಪ್ಪ ಆಗೇತಿ ಬಿಡಪಾ, ಮೊದಲಿನ ಮಜಾ ಇಲ್ಲ" ಅಂತ ಒಬ್ಬ ತೀರ್ಪು ಕೊಟ್ಟೇಬಿಟ್ಟ. ಉಣಕಲ್ ಬಂತು, ನನ್ನ ಮಾತು ಅರ್ಧಕ್ಕೇ ನಿಂತಿತು. ಉಳಿದದ್ದು ಇಲ್ಲಿದೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಎವ್ರಿಥಿಂಗ್ ಬಟ್ ದ ಗರ್ಲ್ ಅಂದರೆ ಇಂಗ್ಲೆಂಡಿನ ಟ್ರೇಸಿ ಥಾರ್ನ್ ಮತ್ತು ಬೆನ್ ವಾಟ್. ಹಲ್ ಊರಿನ ಯೂನಿವರ್ಸಿಟಿಯಲ್ಲಿ ಓದುವಾಗ ಜೊತೆಯಾದವರು, ಈಗ ಗಂಡ ಹೆಂಡತಿ. ಇವರ 'ಮಿಸ್ಸಿಂಗ್' ಹಾಡು 1994ರಲ್ಲಿ ಬಂದಾಗ ಯಾರೂ ಅಷ್ಟಾಗಿ ಕೇಳಲಿಲ್ಲ. ಮರುವರ್ಷ ಟಾಡ್ ಟೆರ್ರಿ ಅನ್ನೋ ಡಿಜೆ ಅದಕ್ಕೆ ಕುಣಿಯೋ ಬೀಟ್ ಕೂಡಿಸಿದ. ಆಮೇಲೆ ಅದು ಅಮೆರಿಕದ ಟಾಪ್ ಹಾಡುಗಳ ಪಟ್ಟಿಯಲ್ಲಿ 2ನೇ ಸ್ಥಾನದವರೆಗೆ ಹೋಯಿತು, ವರ್ಷಕ್ಕೂ ಜಾಸ್ತಿ ಪಟ್ಟಿಯಲ್ಲೇ ಉಳಿಯಿತು. 1999ರ ಆಲ್ಬಂ ಆದಮೇಲೆ ಜೋಡಿಯಾಗಿ ಹಾಡುವುದನ್ನು ನಿಲ್ಲಿಸಿದರು. ಮತ್ತೆ ಹೊಸ ಹಾಡು ಬಂದದ್ದು 2023ರ ಜನವರಿಯಲ್ಲಿ, ಅದೇ ಈ 'ನಥಿಂಗ್ ಲೆಫ್ಟ್ ಟು ಲೂಸ್'.

ಆ ಹಾಡಲ್ಲಿ ನನಗೆ ತುಂಬಾ ಹಿಡಿಸಿದ್ದು ಖಾಲಿ ಜಾಗ. ತಳದಲ್ಲಿ ಎದೆಗೆ ತಾಗೋ ಬೇಸ್, ತುಂಡು ತುಂಡಾಗಿ ಬರೋ ಬೀಟ್, ನಡುವೆ ಹೆಚ್ಚು ಏನೂ ಇಲ್ಲ. ಅಲ್ಲಿ ಟ್ರೇಸಿಯ ದನಿ ಬಂದು ಕೂರುತ್ತದೆ. ಇಬ್ಬರಿಗೂ ಆಗ 60 ವರ್ಷ. ದನಿ ಕೆಳಗೆ ಇಳಿದಿದೆ, ನಿಜ. ಅದನ್ನು ಮುಚ್ಚಿಡುವ ಬದಲು ಆ ದನಿಗೆ ಒಪ್ಪುವ ಹಾಡನ್ನೇ ಕಟ್ಟಿದ್ದಾರೆ. ಈ ಹೊಸ ಹಾಡುಗಳ ಶುರುವಿನ ರೆಕಾರ್ಡಿಂಗ್‌ಗಳ ಮೇಲೆ ತಮ್ಮ ಹಳೆಯ ಹೆಸರನ್ನೂ ಹಾಕಿರಲಿಲ್ಲವಂತೆ. ಇಬ್ಬರ ಹೆಸರು ಸೇರಿಸಿ 'ಟ್ರೆನ್' ಅಂತ ಬರೆದುಕೊಂಡಿದ್ದರು. ಹಳೆಯ ಹೆಸರಿಗೆ ತಕ್ಕ ಹಾಡು ಮಾಡಬೇಕು ಅನ್ನೋ ಭಾರ ಬೇಡವಾಗಿತ್ತು. ಎಷ್ಟು ಒಳ್ಳೆಯ ವಿಚಾರ ಅಲ್ವಾ?

ಇಂಗ್ಲೆಂಡಿನ ವಿಮರ್ಶಕರು ಮನಸಾರೆ ಮೆಚ್ಚಿಕೊಂಡರು. ಏಪ್ರಿಲ್‌ನಲ್ಲಿ ಬಂದ 'ಫ್ಯೂಸ್' ಆಲ್ಬಂ ಅಲ್ಲಿನ ಪಟ್ಟಿಯಲ್ಲಿ 3ನೇ ಸ್ಥಾನಕ್ಕೆ ಹೋಯಿತು. ಇವರ ಯಾವ ಆಲ್ಬಮ್ಮೂ ಅಷ್ಟು ಮೇಲೆ ಹೋಗಿರಲಿಲ್ಲ, 'ಮಿಸ್ಸಿಂಗ್' ಹೆಸರು ಮಾಡಿದ ಕಾಲದಲ್ಲೂ ಇಲ್ಲ. ಆದರೆ "ಏನೂ ಬದಲಾಗಿಲ್ಲ, ಅದೇ ಹಳೇ ಟ್ರೇಸಿ" ಅಂತ ಹೊಗಳುವವರನ್ನೂ ನಾನು ಒಪ್ಪುವುದಿಲ್ಲ. ಬದಲಾಗಿದೆ. ಬದಲಾಗಿರುವುದಕ್ಕೇ ಹಾಡು ಚೆನ್ನಾಗಿದೆ.

ದಪ್ಪ ದನಿಯ ದೂರು ಬೇರೆ ಊರಿನವರು ಹೇಳಿದ್ದರೆ ಸುಮ್ನೆ ಇರುತ್ತಿದ್ದೆ. ಹುಬ್ಬಳ್ಳಿ-ಧಾರವಾಡದವರ ಬಾಯಲ್ಲಿ ಕೇಳಿದರೆ ನೋವಾಗುತ್ತದೆ. ಗಂಗೂಬಾಯಿ ಹಾನಗಲ್ ನಮ್ಮವರು. 1930ರ ದಶಕದಲ್ಲಿ 'ಗಾಂಧಾರಿ' ಅನ್ನೋ ಹೆಸರಲ್ಲಿ ಅವರ ರೆಕಾರ್ಡುಗಳು ಬಂದವು. ಕೇಳಿ ನೋಡಿ, ತೆಳ್ಳಗಿನ, ಎತ್ತರದ ದನಿ. ಆಮೇಲೆ ಗಂಟಲಿನ ತೊಂದರೆಯಾಗಿ ದನಿ ಪೂರ್ತಿ ಬದಲಾಯಿತು, ಗಂಡು ದನಿಯಷ್ಟು ಭಾರವಾಯಿತು. ಲೋಕವೆಲ್ಲ ಗಂಗೂಬಾಯಿ ಅಂತ ಗುರುತು ಹಿಡಿದದ್ದು ಈ ಎರಡನೇ ದನಿಯನ್ನೇ. ತೊಂಬತ್ತು ದಾಟಿದ ಮೇಲೂ ಹಾಡಿದರು. ಕುಂದಗೋಳದಲ್ಲಿ ಅವರ ಗುರು ಸವಾಯಿ ಗಂಧರ್ವರ ಪುಣ್ಯತಿಥಿಗೆ ರಾತ್ರಿಯಿಡೀ ಕೂತು ಕೇಳುವ ಜನ ನಾವು. ವಯಸ್ಸಾದ ಗವಾಯಿಯ ದನಿ ಒಡೆದರೆ ನಮ್ಮಲ್ಲಿ ಯಾರೂ ಎದ್ದು ಹೋಗುವುದಿಲ್ಲ. ಆ ಸ್ವರ ಎಲ್ಲಿಂದ ಬಂತು ಅಂತ ಇನ್ನೂ ಹತ್ತಿರ ಸರಿದು ಕೂರುತ್ತೇವೆ. ಆ ಕಿವಿಯನ್ನು ಪಾಪ್ ಹಾಡುಗಾರ್ತಿಗೆ ಯಾಕೆ ಕೊಡಬಾರದು? ಹಿಂದೂಸ್ತಾನಿ ಬೇರೆ, ಪಾಪ್ ಬೇರೆ ಅನ್ನುತ್ತೀರಿ, ಸರಿ. ಗಂಟಲಿಗೆ ವಯಸ್ಸಾಗುವುದು ಎರಡರಲ್ಲೂ ಒಂದೇ ಥರ ತಾನೇ?

ಒಂದು ಮಾತ್ರ ಮಾಡಿ. ಫೋನಿನ ಸ್ಪೀಕರಿನಲ್ಲಿ ಕೇಳಬೇಡಿ, ಅದರಲ್ಲಿ ಆ ಬೇಸ್ ಬರುವುದೇ ಇಲ್ಲ. ಹೆಡ್‌ಫೋನ್ ಹಾಕಿಕೊಳ್ಳಿ. ಇದು ಹಿಡಿಸಿದರೆ ಅದೇ ಆಲ್ಬಮ್ಮಿನ 'ರನ್ ಎ ರೆಡ್ ಲೈಟ್' ಕೇಳಿ. ನನ್ನ ಪ್ರಕಾರ ಅದು ಇನ್ನೂ ಮೇಲು.